ಬರೆಯದ ಚೌಕ

ನಮ್ಮ ಬೆಕ್ಕು ಜೀರಗಿ ಸೀಮೆಸುಣ್ಣದ ಚೌಕ ಕಂಡರೆ ಬಿಡುತ್ತಿರಲಿಲ್ಲ. ನಾನು ಜೀನ್ಸ್ ಬಟ್ಟೆಯ ಮೇಲೆ ಹಿಂಜೇಬಿನ ಜಾಗ ಗುರುತು ಹಾಕಿ ಮಿಷನ್ನಿಗೆ ದಾರ ಪೋಣಿಸುವಷ್ಟರಲ್ಲಿ ಅದರೊಳಗೆ ಬಂದು ಕೂತಿರುತ್ತಿತ್ತು. ಜೇಬಿನಗಲ ಅದಕ್ಕೆ ಸಾಲದು. ಆದರೂ ಬಾಲವನ್ನು ಒಳಗೆಳೆದುಕೊಂಡು, ಗೆರೆ ದಾಟದಂತೆ ಕೂರುತ್ತಿತ್ತು.

ರಾಯದುರ್ಗದ ನಮ್ಮ ಓಣಿಯಲ್ಲಿ ಅರ್ಧ ಮನೆಗಳಲ್ಲಿ ಇದೇ ಹೊಲಿಗೆ. ಬಟ್ಟೆಯ ಕಟ್ಟು ತಂದುಕೊಟ್ಟು, ಹೊಲಿದದ್ದನ್ನು ಒಯ್ಯುವವನು ಓಬುಲೇಶಣ್ಣ. ಸೋಮವಾರ ಅವನು ಒಂದು ಪ್ಯಾಂಟನ್ನು ಬೆಳಕಿಗೆ ಹಿಡಿದ.

“ಉಷಾ, ಇದು ಪ್ಯಾಂಟೋ ಕಂಬಳಿಯೋ?”

“ಬೆಕ್ಕಿನ ಕೂದಲಣ್ಣ.”

“ಅದು ನನಗೂ ಕಾಣ್ತದ. ಶನಿವಾರ ಚೀಲ ತರ್ತೀನಿ. ಬೆಳುಗುಪ್ಪದಾಗ ನಮ್ಮ ಮಾವನ ಮನ್ಯಾಗ ಇಲಿ ಭಾಳ ಅವ, ಇದನ್ನ ಅಲ್ಲಿ ಬಿಡ್ತೀನಿ. ಇಲ್ಲಾಂದ್ರ ಈ ಮನಿಗೆ ಕಟ್ಟು ಬರಂಗಿಲ್ಲ.”

ಅವನು ಹೋದ ಮೇಲೆ ಅಜ್ಜಿ ಜೀರಗಿಯ ಬೆನ್ನು ಸವರುತ್ತ ಹಳೆಯ ಕಥೆ ತೆಗೆದಳು. ದೇವರು ಪ್ರಾಣಿಗಳಿಗೆ ಮನೆ ಹಂಚಿದ ದಿನ ಬೆಕ್ಕು ಮಲಗಿಬಿಟ್ಟಿತ್ತಂತೆ. ಎದ್ದಾಗ ಎಲ್ಲ ಮುಗಿದಿತ್ತು. ಅಂದಿನಿಂದ ನಾಲ್ಕು ಮೂಲೆ ಕಂಡಲ್ಲೆಲ್ಲ ಕೂತು ನೋಡುತ್ತದಂತೆ, ಇದೇ ನನ್ನದೇನೋ ಎಂದು.

ಹಾಗಾದರೆ ಬೇರೆ ಮನೆ ಕೊಟ್ಟರಾಯಿತು. ಕಿಟಕಿಯ ಬಳಿ, ಬಿಸಿಲು ಬೀಳುವಲ್ಲಿ, ನೆಲದ ಮೇಲೆ ದೊಡ್ಡ ಚೌಕ ಬರೆದೆ. ಜೀರಗಿ ಕೂಡಲೇ ಹೋಗಿ ಕೂತಿತು. ಅಜ್ಜಿ ಒದ್ದೆ ಬಟ್ಟೆ ತಂದು ಬೆಕ್ಕನ್ನೂ ಗೆರೆಯನ್ನೂ ಒಟ್ಟಿಗೇ ಸರಿಸಿದಳು.

“ಮನ್ಯಾಗ ಬರೇ ಚೌಕ ಬರಿಬಾರದವ್ವ. ಸತ್ತೋರಿಗೆ ಎಡಿ ಇಡಾಕ ಬರಿಯೋದದು.”

“ಬೆಕ್ಕಿಗೇನ್ ಗೊತ್ತಜ್ಜಿ ಅದು?”

“ಬೆಕ್ಕಿಗೆ ಗೊತ್ತಾಗಲ್ಲ, ನಿಮ್ಮಜ್ಜಗ ಗೊತ್ತಾಗ್ತದ. ಬಂದು ಕುಂತ್ರ ಏನ್ ಬಡಸ್ತಿ, ಸೀಮೆಸುಣ್ಣ?”

ಗುರುವಾರದ ಹೊತ್ತಿಗೆ ನನಗೇನೂ ಹೊಳೆದಿರಲಿಲ್ಲ. ಅಂದು ಅಜ್ಜಿ ಮಿಕ್ಕ ನಾಲ್ಕು ಜೋಳದ ರೊಟ್ಟಿಗಳನ್ನು ಕರಿ ಬಟ್ಟೆಯ ಮೇಲೆ ಎರಡೆರಡರಂತೆ ಎರಡು ಸಾಲಾಗಿ ಒಣಗಲು ಹಾಕಿದ್ದಳು. ಬಾಗಿಲಿಗೆ ಬರುವ ಹಸುವಿಗೆಂದು ಪ್ರತಿ ರೊಟ್ಟಿಯಿಂದಲೂ ಕಾಲುಭಾಗ ಮುರಿದಿಡುವುದು ಅವಳ ರೂಢಿ. ನಾನು ಸುಮ್ಮನೆ ಅವನ್ನು ತಿರುಗಿಸುತ್ತ ಕೂತಿದ್ದೆ. ನಾಲ್ಕರ ಮುರಿದ ಮೂಲೆಗಳೂ ಒಳಮುಖವಾದಾಗ ನಡುವೆ ಒಂದು ಚೌಕ ಎದ್ದು ನಿಂತಿತು. ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಒಂದು ರೊಟ್ಟಿ ತಿರುಗಿಸಿದರೆ ಮಾಯ, ಮತ್ತೆ ತಿರುಗಿಸಿದರೆ ಹಾಜರು.

ಇದು ನನಗಷ್ಟೇ ಕಾಣುವುದೋ, ಬೆಕ್ಕಿಗೂ ಕಾಣುವುದೋ?

ಉಳಿದ ಜೀನ್ಸ್ ತುಂಡಿನಲ್ಲಿ ನಾಲ್ಕು ದುಂಡು ಕತ್ತರಿಸಿ, ಒಂದೊಂದರಿಂದ ಕಾಲುಭಾಗ ತೆಗೆದು, ರೊಟ್ಟಿಗಳ ಹಾಗೇ ನಾಲ್ಕು ಮೂಲೆಗೆ ಕಿಟಕಿಯ ಬಳಿ ಇಟ್ಟೆ. ಕತ್ತರಿಸಿದ ಬಾಯಿ ಹೊರಗಿಟ್ಟಾಗ ಜೀರಗಿ ತುಳಿದುಕೊಂಡೇ ಹೋಯಿತು. ಬಾಯಿ ಒಳಗೆ ತಿರುಗಿಸಿದೆ. ಅದು ನಿಂತಿತು, ಮೂಸಿತು, ಅಷ್ಟರಲ್ಲಿ ಹೊರಗೆ ಗುಬ್ಬಿ ಚಿಲಿಗುಟ್ಟಿದ್ದಕ್ಕೆ ಓಡಿಹೋಯಿತು. ಶುಕ್ರವಾರವಿಡೀ ಕಾದರೂ ಆ ಕಡೆ ಬರಲಿಲ್ಲ.

ಶನಿವಾರ ಓಬುಲೇಶಣ್ಣ ಚೀಲ ಹಿಡಿದೇ ಒಳಗೆ ಬಂದ. ನಾನು ಬಟ್ಟೆ ಹಾಸಿ ಜೇಬಿನ ಗುರುತು ಹಾಕಿದೆ.

“ಒಂದ್ ನಿಮಿಷ ನೋಡಣ್ಣ.”

ಜೀರಗಿ ಬಟ್ಟೆಯ ಅಂಚಿಗೆ ಬಂದು ಒಂದು ಕಾಲಿಟ್ಟಿತು. ಅವನು ಚೀಲದ ಬಾಯಿ ಬಿಚ್ಚಿದ. ಬೆಕ್ಕು ಕಿಟಕಿಯತ್ತ ನೋಡಿತು. ಕಾಲು ತೆಗೆದು ಅತ್ತ ನಡೆದು, ನಾಲ್ಕು ತುಂಡುಗಳ ನಡುವೆ ಸುತ್ತು ಹಾಕಿ ಕೂತು, ಬಾಲ ಆರಾಮಾಗಿ ಚಾಚಿತು.

“ಅಲ್ಲೇನದ?” ಎಂದ.

“ಚೌಕ.”

“ಗೆರಿ ಎಲ್ಲದ?”

ಅಜ್ಜಿ ಒದ್ದೆ ಬಟ್ಟೆಯೊಂದಿಗೆ ಬಂದಳು. “ಮತ್ತ ಬರದಿ ಏನ?”

“ಒರಸಜ್ಜಿ.”

ಅವಳು ಬಗ್ಗಿ ಬೆರಳಾಡಿಸಿದಳು. ಬೆರಳಿಗೆ ಏನೂ ಹತ್ತಲಿಲ್ಲ. ದೂರ ಸರಿದು ನೋಡಿದಳು, ಮತ್ತೆ ಬಗ್ಗಿ ನೋಡಿದಳು. “ಯಾರೂ ಗೆರಿ ಬರದಿಲ್ಲಲ್ಲ,” ಎಂದಳು ಕೊನೆಗೆ. “ಇರ್ಲಿ ಬಿಡು.”

ಓಬುಲೇಶಣ್ಣ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಗಾಡಿಯಿಂದ ಹೊಸ ಕಟ್ಟು ತರಲು ಹೋದ. ಅಷ್ಟರಲ್ಲಿ ಜೀರಗಿ ಎದ್ದು ಹಾಲು ಕುಡಿಯಲು ಹೋಗಿತ್ತು. ಬಾಗಿಲಿಂದ ಮಿಷನ್ನಿಗೆ ನೇರ ದಾರಿ ಕಿಟಕಿಯ ಮುಂದೆಯೇ. ಅವನು ಹೆಗಲ ಮೇಲೆ ಕಟ್ಟು ಹೊತ್ತು ಬಂದು, ನಾಲ್ಕು ತುಂಡುಗಳ ನಡುವಿನ ಖಾಲಿ ನೆಲದ ಮುಂದೆ ಒಂದು ಕ್ಷಣ ನಿಂತು, ಗೋಡೆಗುಂಟ ಸುತ್ತಿ ಹೋದ.