ಇಪ್ಪತ್ತೆರಡು ಮನೆಗಳ ಸುಳ್ಳು

ಬೀದಿಯ ಇಪ್ಪತ್ತೆರಡು ಮನೆಗಳ ಶೌಚದ ಗುಂಡಿಗಳೂ ತುಂಬಿ ಉಕ್ಕಲು ಶುರುವಾಗಿ ವರ್ಷಗಳಾಗಿದ್ದವು. ಕಾಗದದಲ್ಲಿ ಮಾತ್ರ ಒಂದೂ ತುಂಬಿರಲಿಲ್ಲ. ಒಳಚರಂಡಿ ಕಚೇರಿಯವರು ಮನೆಮನೆಗೂ ಬಂದು ಗುಂಡಿ ಹೇಗಿದೆ ಎಂದು ಕೇಳಿದಾಗ, ನಮ್ಮದು ಸರಿಯಾಗಿದೆ, ನಾತವೆಲ್ಲ ಪಕ್ಕದ ಮನೆಯದು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣಕ್ಕೆ ಬೆರಳು ತೋರಿಸುವ ಜನ. ಕಚೇರಿ ಅದನ್ನು ನಂಬಿತು, ನಂಬದೆ ಇನ್ನೇನು ಮಾಡೀತು? ತೊಂದರೆಯೇ ಇಲ್ಲದ ಬೀದಿಗೆ ಕೊಳವೆ ಯಾಕೆಂದು ಮುಂದಿನ ಬೀದಿಗೆ ಹೋಯಿತು.

ಹಾಗೆ ಸುಳ್ಳು ಹೇಳಿದವರಲ್ಲಿ ಬಣ್ಣದಕ್ಕನೂ ಒಬ್ಬಳು. ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಹಿತ್ತಿಲಲ್ಲಿ ಒಂದು ಬಾವಿ, ಅದರ ಪಕ್ಕ ನಾಲ್ಕು ಹಂಡೆ, ಅಲ್ಲಿಂದ ಗೋಡೆಯವರೆಗೆ ನೂಲಿನ ಲಡಿ ಒಣಗಿಸುವ ಹಗ್ಗಗಳು. ಅವಳಿಗೂ ಅವಳ ನಾದಿನಿಗೂ ಆ ಬಾವಿಯೇ ಅನ್ನ. ಈಗೀಗ ಗುಂಡಿಗಳ ಕೊಳಕು ಅದಕ್ಕೂ ಇಳಿದು, ಅದರಲ್ಲಿ ತೊಳೆದ ನೂಲು ಮೂಗಿನ ಹತ್ತಿರ ಹಿಡಿಯುವಂತಿರಲಿಲ್ಲ. ಆರೋಗ್ಯ ಇಲಾಖೆಯ ಹೆಂಗಸು ನೀರು ಪರೀಕ್ಷಿಸಿ, ಇದನ್ನು ಮುಟ್ಟಬೇಡಿ, ಮೂರು ತಿಂಗಳೊಳಗೆ ಬೀದಿಗೆ ಒಳಚರಂಡಿ ಬರದಿದ್ದರೆ ಬಾವಿಗೆ ಮಣ್ಣು ತುಂಬಿಸುತ್ತೇವೆ ಎಂದು ಚೀಟಿ ಅಂಟಿಸಿ ಹೋದಳು. ಸುಳ್ಳು ಹೇಳಿದ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕು ಅನ್ನಿಸಿತು ಬಣ್ಣದಕ್ಕನಿಗೆ.

ಒಳಚರಂಡಿ ಕಚೇರಿಗೆ ಓಡಿದಳು. ಎಂಜಿನಿಯರ್ ಒಳ್ಳೆಯವನೇ, ಆದರೆ ನಿಯಮ ಅಂದರೆ ನಿಯಮ. ಕನಿಷ್ಠ ಹನ್ನೆರಡು ಮನೆಯವರು ತಮ್ಮ ಗುಂಡಿ ಕೆಟ್ಟಿದೆಯೆಂದು ತಾವೇ ಬರೆದುಕೊಡಬೇಕು, ಶುಕ್ರವಾರ ಮಧ್ಯಾಹ್ನ ನಾನೇ ಬೀದಿಗೆ ಬರುತ್ತೇನೆ, ಆಮೇಲೆ ಪಟ್ಟಿ ಮುಚ್ಚಿದ ಹಾಗೇ ಎಂದ.

ಮೂರು ದಿನ ಮನೆಮನೆ ಅಲೆದಳು. ಒಬ್ಬರ ಮನೆಗೆ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು, ಇಂಥ ಹೊತ್ತಲ್ಲಿ ಇದನ್ನು ಬರೆದುಕೊಡುವುದುಂಟೇ? ಇನ್ನೊಬ್ಬರು ಮೂಗಿಗೆ ಸೆರಗು ಒತ್ತಿಕೊಂಡೇ ವಾಸನೆ ಎಲ್ಲಿದೆ ಎಂದು ಕೇಳಿದರು. ಬೀದಿಗೆ ಹಿರಿಯರಾದ ನಿವೃತ್ತ ಹೆಡ್‌ಮಾಸ್ತರರಂತೂ, ನಮ್ಮ ಗುಂಡಿ ನಾನೇ ನಿಂತು ಕಟ್ಟಿಸಿದ್ದು ಎಂದು ಬಾಗಿಲು ಹಾಕಿಕೊಂಡರು.

ಬುಧವಾರ ಸಂಜೆ ನಾದಿನಿ ಕೇಳಿದಳು: "ಅತ್ತಿಗೆ, ನೀವು ಬರ್ಕೊಟ್ರಾ?"

ಬರೆದುಕೊಟ್ಟಿರಲಿಲ್ಲ. ಹನ್ನೆರಡನೆಯವಳಾಗಿ ಸದ್ದಿಲ್ಲದೆ ಸೇರಿಕೊಳ್ಳೋಣ ಎಂದುಕೊಂಡಿದ್ದಳು. ಬೆಕ್ಕಿಗೆ ಗಂಟೆ ಕಟ್ಟಲು ಊರನ್ನೆಲ್ಲ ಕರೆದು, ತಾನು ಮಾತ್ರ ಹಿಂದೆ ನಿಂತಿದ್ದಳು.

ಗುರುವಾರ ಬೆಳಿಗ್ಗೆ ಎದ್ದವಳೇ ಇದ್ದುದರಲ್ಲಿ ಗಾಢವಾದ ಕೆಂಪನ್ನು ಎರಡು ಬಕೆಟ್ ಕಲಸಿ ತನ್ನ ಮನೆಯ ಕಕ್ಕಸಿಗೆ ಸುರಿದಳು. ಶುಕ್ರವಾರ ಮಧ್ಯಾಹ್ನ ಎಂಜಿನಿಯರ್ ಬರುವ ಹೊತ್ತಿಗೆ ಬೀದಿಯ ಮೋರಿ ಉದ್ದಕ್ಕೂ ಕೆಂಪಗೆ ಹರಿಯುತ್ತಿತ್ತು. ಜನ ಗಾಬರಿಯಾಗಿ ಮೆಟ್ಟಿಲುಗಳ ಮೇಲೆ ನಿಂತಿದ್ದರು.

ಬಣ್ಣದಕ್ಕ ಬೀದಿಯ ನಡುವೆ ಬಂದು ನಿಂತಳು.

"ಆ ಕೆಂಪು ನಮ್ಮನೇದು. ನಿನ್ನೆ ನಾನೇ ನಮ್ಮ ಕಕ್ಕಸಿಗೆ ಸುರಿದದ್ದು, ಇವತ್ತು ಎಲ್ಲರ ಬಾಗಿಲ ಮುಂದೆ ಹರೀತಿದೆ. ಹೋದ ಸಲ ಸುಳ್ಳು ಹೇಳಿದ್ದೆ. ನಮ್ಮ ಗುಂಡಿ ಕೆಟ್ಟು ನಾಲ್ಕು ವರ್ಷ ಆಯ್ತು, ಬರ್ಕೊಳ್ಳಿ."

ಆಗ ಹೆಡ್‌ಮಾಸ್ತರರು ಊರುಗೋಲು ಹಿಡಿದು ಮೆಟ್ಟಿಲಿಳಿದರು. ಬೈಯಲು ಬರುತ್ತಿದ್ದಾರೆಂದು ಅವಳು ತಲೆ ತಗ್ಗಿಸಿದಳು.

"ನಮ್ಮದು ಆರು ವರ್ಷ," ಎಂದರು ಅವರು ಎಂಜಿನಿಯರಿಗೆ. "ಮೇಲೆ ಹೂಕುಂಡ ಇಟ್ಟು ಮುಚ್ಚಿದೀನಿ. ನನ್ನ ಹೆಸರೂ ಹಾಕಿ."

ಅಷ್ಟೇ ಸಾಕಾಯಿತು. ನಮ್ಮದು ಏಳು ವರ್ಷ ಎಂದಿತು ಎದುರು ಮನೆ. ಮಾಸ್ತರರದು ಏನು ಮಹಾ, ನಮ್ಮ ಗುಂಡಿಯ ಮುಚ್ಚಳವೇ ಎದ್ದು ಕೂತಿದೆ ಎಂದಿತು ಮೂಲೆಮನೆ. ಗಂಡಿನವರು ಬರಲಿದ್ದ ಮನೆಯಾಕೆ, ತಮ್ಮದರ ಮುಂದೆ ಇವೆಲ್ಲ ಏನೂ ಅಲ್ಲ, ಬೇಕಾದರೆ ಬಂದು ನೋಡಿ ಎಂದು ಎಂಜಿನಿಯರನ ತೋಳು ಹಿಡಿದೆಳೆದಳು. ನಿನ್ನೆಯವರೆಗೆ ಗುಂಡಿ ಸರಿಯಿದೆಯೆಂದು ಬೀಗುತ್ತಿದ್ದವರು ಈಗ ಯಾರದು ಹೆಚ್ಚು ಕೆಟ್ಟಿದೆಯೆಂದು ಪೈಪೋಟಿಗೆ ಬಿದ್ದರು. ಕಾಗದ ಮುಗಿದು ಎಂಜಿನಿಯರ್ ಹಾಳೆಯ ಬೆನ್ನಿಗೂ ಬರೆದು ಎಲ್ಲರ ಸಹಿ ಹಾಕಿಸಿಕೊಂಡ. ಹನ್ನೆರಡು ಬೇಕಿತ್ತು, ಇಪ್ಪತ್ತೆರಡೂ ಬಂದವು.

ಮುಂದಿನ ತಿಂಗಳೇ ಬೀದಿ ಅಗೆದರು. ಧೂಳು, ಸದ್ದು, ಹಲಗೆ ದಾಟಿ ಮನೆ ಸೇರುವ ಕಷ್ಟ, ಯಾವುದಕ್ಕೂ ಯಾರೂ ಗೊಣಗಲಿಲ್ಲ. ಒಂದೊಂದೇ ಮನೆ ಕೊಳವೆಗೆ ಸೇರಿತು, ಗುಂಡಿಗಳಿಗೆ ಮರಳು ಬಿತ್ತು. ಕೆಲಸ ನಡೆದದ್ದು ಕಂಡು ಆರೋಗ್ಯ ಇಲಾಖೆ ಬಾವಿಯ ಗಡುವನ್ನು ಮುಂದಕ್ಕೆ ಹಾಕಿತು. ಬೀದಿಯವರೆಲ್ಲ ಸರದಿಯಲ್ಲಿ ಬಂದು ಬಾವಿಯ ಕೊಳೆನೀರನ್ನು ಸೇದಿ ಸೇದಿ ಬರಿದು ಮಾಡಿದರು. ಹೆಡ್‌ಮಾಸ್ತರರು ನೆರಳಲ್ಲಿ ಕೂತು ಕೊಡ ಎಣಿಸಿದರು, ಎರಡು ಸಲ ಲೆಕ್ಕ ತಪ್ಪಿದರು.

ತಳದಿಂದ ಹೊಸ ಊಟೆಯ ನೀರು ಬಂದ ಮೇಲೆ ಆರೋಗ್ಯ ಇಲಾಖೆಯ ಹೆಂಗಸು ಮೂರು ಸಲ ನೀರು ಒಯ್ದಳು. ಮೂರನೆಯ ಸಲ ನಗುತ್ತಾ ಬಂದು, ನೀರು ಶುದ್ಧವಾಗಿದೆ ಎಂದು ಚೀಟಿ ಕಿತ್ತಳು. ಬಣ್ಣದಕ್ಕ ಬಾವಿಯ ಕಟ್ಟೆ ಹಿಡಿದು ನಿಂತು ಗಳಗಳ ಅತ್ತಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ನಾಳೆಯಿಂದ ಕೆಲಸ ಶುರು ಮಾಡಬಹುದು ಎಂದಳು ಆ ಹೆಂಗಸು.

"ನಾಳೆ ಯಾಕೆ?" ಎಂದಳು ಬಣ್ಣದಕ್ಕ. ಕಣ್ಣೊರೆಸಿಕೊಂಡು ಹಂಡೆಗೆ ನೀರು ಸೇದಿ, ಒಲೆಗೆ ಬೆಂಕಿ ಹಚ್ಚಿದಳು.