ಎರಡು ಮೀಟರ್ ಕಡಲು

ಕಸ್ವಾನನ ದೋಣಿ ಪರವಾನಗಿ ರದ್ದು ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು. ವಿಚಾರಣೆ ಬರೀ ಶಾಸ್ತ್ರಕ್ಕೆ. ಜಾವಾದ ದಕ್ಷಿಣ ದಂಡೆಯ ಕರಂಗ್‌ಸರಿ ಬಂದರಿನ ಕಚೇರಿಗೆ ಸುಲಾಸ್ತ್ರಿಯನ್ನು ಕರೆಸಿದ್ದು ಒಂದೇ ಒಂದು ಅಂಕಿ ಓದಲಿಕ್ಕೆ. ಉಪಗ್ರಹದ ರೇಡಾರ್ ಅಳೆದ ಅಲೆಯ ಎತ್ತರವನ್ನು ದಿನಾ ಬಂದರಿನ ಬೋರ್ಡಿಗೆ ಹಾಕುವವಳು ಅವಳೇ.

"ಅವತ್ತು ಎರಡು ಮೀಟರ್," ಎಂದಳು.

"ಕೇಳಿಸ್ತಾ?" ಬಂದರಿನ ಅಧಿಕಾರಿ ಹರ್ದೋನೊ ಕಸ್ವಾನನ ಕಡೆ ತಿರುಗಿದ. "ನಾಲ್ಕು ಮೀಟರ್ ಅಲೆ ಬಂದು ದೋಣಿ ಮಗುಚ್ತು ಅಂತೀಯ. ಆಕಾಶದಲ್ಲಿರೋ ರೇಡಾರಿಗೆ ಕಾಣದ್ದು ನಿನ್ನ ಕಣ್ಣಿಗೆ ಬಿತ್ತಾ? ತೂಕಡಿಸ್ತಾ ಇದ್ದೆ ಅಂತ ಒಪ್ಕೊಂಡ್ಬಿಡು."

"ಪಾಕ್ ಹರ್ದೋನೊ, ಅವತ್ತು ಕಡಲು ನೋಡಿ ನಂಗ್ಯಾಕೋ ಮನಸ್ಸು ಬರ್ಲಿಲ್ಲ. ಆದ್ರೆ ನಿಮ್ಮ ಬೋರ್ಡಲ್ಲಿ ಎರಡು ಅಂತಿತ್ತು. ಎರಡನ್ನ ನನ್ನ ದೋಣಿ ತಡೆಯತ್ತೆ. ನಂಬ್ಕೊಂಡು ಹೋದೆ. ನನ್ನ ತಮ್ಮ ವಾಪಸ್ ಬರ್ಲಿಲ್ಲ."

ಸುಲಾಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಕಡಲಿಗೆ ಕಳಿಸಿದ ಅಂಕಿಯೇ ಈಗ ಅವನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿದೆ!

"ಪಾಕ್, ರೇಡಾರು ಒಂದೊಂದೇ ಅಲೆಗೆ ಟೇಪು ಹಿಡಿಯಲ್ಲ. ಮೈಲಿಗಟ್ಟಲೆ ಕಡಲಿಗೆ ಬಡಿದು ವಾಪಸ್ ಬರೋ ರೇಡಿಯೋ ಸಿಗ್ನಲ್ ನೋಡಿ, ಅಲ್ಲಿರೋ ದೊಡ್ಡ ಅಲೆಗಳ ಸರಾಸರಿ ಹೇಳತ್ತೆ. ಸರಾಸರಿ ಎರಡಿದ್ರೆ, ಮಧ್ಯೆ ನಾಲ್ಕರದ್ದೊಂದು ಏಳಬಹುದು."

"ಹಾಗಿದ್ರೆ ಅದನ್ನ ಬೋರ್ಡಲ್ಲಿ ಯಾಕೆ ಹಾಕ್ಲಿಲ್ಲ, ಬು ಸುಲಾಸ್ತ್ರಿ?" ಎಂದ ಕಸ್ವಾನ್.

ಹಾಕಿದ್ದಳು. 'ಒಂಟಿ ಅಲೆ ಇದರ ಎರಡರಷ್ಟಿರಬಹುದು' ಎಂಬ ಸಾಲು ಮೂರು ವರ್ಷ ಪ್ರತಿ ಹಾಳೆಯ ಕೆಳಗೂ ಇತ್ತು. ಲೆಬಾರನ್ ಹಬ್ಬಕ್ಕೆ ಹರ್ದೋನೊನ ಶುಭಾಶಯ, ಹಲ್ಲುಕಿರಿದ ಫೋಟೋ ಹಾಕಲು ಜಾಗ ಸಾಲದೆ ಅದು ಹೋಯಿತು. ಹಬ್ಬ ಮುಗಿದು ತಿಂಗಳುಗಳಾದರೂ ಆ ಮಹಾಶಯನ ಫೋಟೋ ಮಾತ್ರ ಅಲ್ಲಾಡಲಿಲ್ಲ.

ಸುಲಾಸ್ತ್ರಿ ಹೊರಗೆ ಹೋಗಿ, ಬೋರ್ಡಿನಿಂದ ಹಾಳೆ ಕಿತ್ತು ತಂದು ಮೇಜಿನ ಮೇಲೆ ಬಡಿದಳು.

"ನಿಮ್ಮ ಹಲ್ಲು ಕಾಣೋ ಜಾಗದಲ್ಲಿ ಆ ಸಾಲಿತ್ತು. ತೆಗಿ ಅಂದೋರು ನೀವು, ಬಾಯಿ ಮುಚ್ಕೊಂಡು ತೆಗೆದೋಳು ನಾನು. ವರದೀಲಿ ಇಬ್ಬರ ಹೆಸರೂ ಬರೀರಿ."

ಹರ್ದೋನೊ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. "ಪರವಾನಗಿ ವಾಪಸ್ ಕೊಡೋಣ ಬಿಡಿ. ಈ ಮಾತು ಇಲ್ಲಿಗೇ ಮುಗೀಲಿ."

"ಅದು ನಿಮ್ಮ ಹತ್ರಾನೇ ಇರ್ಲಿ, ಪಾಕ್," ಎಂದ ಕಸ್ವಾನ್. "ಮೊದಲು ಆ ಸಾಲು ಹಾಕಿ. ನಾಳೆ ಹನ್ನೊಂದು ದೋಣಿ ಹೊರಡತ್ತೆ."

ಸುಲಾಸ್ತ್ರಿ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಆ ಫೋಟೋದ ಮೇಲೆಯೇ ದಪ್ಪಕ್ಷರದಲ್ಲಿ ಬರೆಯತೊಡಗಿದಳು.