ಎರಡು ಪಾಲಮಲೆ

ಪಾಲಮಲೆಯಲ್ಲಿ ಒಂದು ಕುರಿಗೂ ಲಸಿಕೆ ಬಿದ್ದಿಲ್ಲವೆಂದು ಕಂಪ್ಯೂಟರಿನ ವರದಿ ತೋರಿಸಿದಾಗ, ಕುರಿಗಾರರ ಸಂಘದ ಆಫೀಸಿನಲ್ಲಿದ್ದ ರೋಜಾ, ಲಸಿಕೆ ಹಾಕುವ ಮುದುಕ ಸಿದ್ದಪ್ಪನನ್ನು ಎಲ್ಲರೆದುರೇ ಜಾಡಿಸಿದ್ದಳು: “ಬೆಟ್ಟ ಹತ್ತದೇ ಸುಳ್ಳು ಲೆಕ್ಕ ಕೊಟ್ರಾ, ಮಾಮಾ?”

ತಪ್ಪು ತನ್ನದೆಂದು ಅವಳಿಗೆ ತಿಳಿದದ್ದು ಇಂದು. ಊರಿನ ಹೆಸರನ್ನು ಕುರಿಗಳ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಲಸಿಕೆಯ ಪಟ್ಟಿಯಲ್ಲಿ ಚಿಕ್ಕಕ್ಷರದಲ್ಲೂ ಹೊಡೆದಿದ್ದಳು. ಮನೆಯ ಕನ್ನಡಕ್ಕೂ ಶಾಲೆಯ ತಮಿಳಿಗೂ ಇಲ್ಲದ ಆ ಭೇದ ಅವಳಿಗೆ ಹೊಳೆದೇ ಇರಲಿಲ್ಲ. ಎರಡೂ ಪಟ್ಟಿ ತಾಳೆ ನೋಡುವ ದರಿದ್ರ ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಊರು.

ಫೋನಿಗೆ ಕೈಹಾಕುವಷ್ಟರಲ್ಲಿ ಸಿದ್ದಪ್ಪನೇ ಬಂದ. ಮತ್ತೆ ಬೆಟ್ಟ ಹತ್ತಿ, ಲಸಿಕೆ ಬಿದ್ದ ಕುರಿಗೊಂದು ಗಂಟಿನಂತೆ ಕುರಿಗಾರರೇ ಹಾಕಿಕೊಟ್ಟ ಕತ್ತಾಳೆ ಹುರಿಯನ್ನು ತಂದು ಮೇಜಿನ ಮೇಲಿಟ್ಟ.

“ತಪ್ಪು ನಂದು, ಮಾಮಾ…”

“ಮೊದ್ಲು ಎಣ್ಸಮ್ಮಾ,” ಎಂದ ಮುದುಕ. “ಆಮ್ಯಾಕೆ ಮಾಮಾ ಅನ್ನು.”